ಹರಳೆಣ್ಣೆಯ ಕಪ್ಪು

ಹರಳೆಣ್ಣೆ ಸುಡುವ ವಾಸನೆ ಮೂಗಿಗೆ ಬಡಿದರೆ ನಮ್ಮ ಕಡೆಯವರಿಗೆ ಬಾಣಂತಿ ಕೋಣೆ ನೆನಪಾಗುತ್ತದೆ. ನನಗೆ ನೆನಪಾಗುವುದು ಅಮೆರಿಕದ ಸಿಯಾಟಲ್ ಪಕ್ಕದ ವುಡಿನ್‌ವಿಲ್‌ನ ಒಂದು ಗ್ಯಾರೇಜು, ಅದರ ಅರ್ಧ ಎತ್ತಿದ ಬಾಗಿಲು, ಮತ್ತು ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಎದೆಗವಚಿಕೊಂಡು ಮಳೆಯಲ್ಲಿ ಓಡಿಬಂದ ಲೋರೇನ್.

ಹೋದ ತಿಂಗಳು ಮೈಸೂರಿನಲ್ಲಿ ಹೀಗೇ ಆಯಿತು. ವೀಣಕ್ಕನಿಗೆ ಮೊಮ್ಮಗಳು ಹುಟ್ಟಿದ್ದಳು, ನಾಮಕರಣಕ್ಕೆಂದು ನಾನು ಸಿಯಾಟಲ್‌ನಿಂದ ಹೋಗಿದ್ದೆ. ಅಡುಗೆಮನೆಯ ಹಿಂದಿನ ಕಟ್ಟೆಯ ಮೇಲೆ ಅಕ್ಕ ಕಾಡಿಗೆ ಮಾಡಲು ದೀಪ ಹಚ್ಚಿಟ್ಟಿದ್ದಳು. ಎಂಬತ್ತನ್ನು ಮುಟ್ಟುತ್ತಿರುವ ಅಮ್ಮ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು, "ಬತ್ತಿ ದಪ್ಪ ಆಯ್ತು ಕಣೆ, ಕಪ್ಪು ನಿಲ್ಲಲ್ಲ" ಎಂದು ಉಸ್ತುವಾರಿ ಮಾಡುತ್ತಿದ್ದಳು. ಹೊಗೆ ನನ್ನ ಕಡೆ ತಿರುಗಿದಾಗ ಅಮ್ಮ ನನ್ನ ಮುಖವನ್ನೇ ನೋಡಿದಳು. "ಲೋರೇನ್ ಹೇಗಿದಾಳೆ?" ಎಂದು ಕೇಳಿದಳು. ಕಾಡಿಗೆಗೂ ಲೋರೇನ್‌ಗೂ ಏನು ಸಂಬಂಧ ಎಂದು ಅಕ್ಕನಿಗೆ ತಿಳಿಯಲಿಲ್ಲ. ಅವಳಿಗೆ ಹೇಳಬೇಕಾದರೆ ಒಂದು ಇಡೀ ಚಳಿಗಾಲವನ್ನು ಹೇಳಬೇಕಿತ್ತು.

ಅದು ಎರಡು ಸಾವಿರದ ಆರರ ಕೊನೆ. ಇಳಾ ನನ್ನ ಹೊಟ್ಟೆಯಲ್ಲಿದ್ದಾಗಲೇ ಅಮ್ಮ ಬಾಣಂತನಕ್ಕೆ ಬಂದಿಳಿದಿದ್ದಳು. ನಾನು ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದೆ, ಹೆರಿಗೆ ರಜೆ ಹಾಕಿದ್ದೆ. ಗಂಡ ರಘು ಬೆಳಗಾದರೆ ರೆಡ್ಮಂಡ್‌ನ ಆಫೀಸಿಗೆ ಡ್ರೈವ್ ಮಾಡಿಕೊಂಡು ಹೋದರೆ ಕತ್ತಲಾದ ಮೇಲೇ ಬರುತ್ತಿದ್ದ. ಆ ಊರಲ್ಲಿ ಚಳಿಗಾಲದ ಕತ್ತಲೆ ಮಧ್ಯಾಹ್ನದ ಕಾಫಿ ಮುಗಿಯುವುದರೊಳಗೆ ಬಂದು ಕೂರುತ್ತದೆ. ಮಳೆ ಎಂದರೆ ನಮ್ಮ ಕಡೆಯ ಹಾಗೆ ಸುರಿದು ಮುಗಿಸುವ ಮಳೆಯಲ್ಲ. ಜಿನುಗುತ್ತಲೇ ಇರುತ್ತದೆ. "ಇದೇನು ಮೂಗು ಸೋರಿದ ಹಾಗೆ" ಎಂದು ಅಮ್ಮ ಕಿಟಕಿಯ ಬಳಿ ನಿಂತು ಆಕಾಶಕ್ಕೆ ಬೈಯುತ್ತಿದ್ದಳು.

ಮಗು ಹುಟ್ಟಿದ ದಿನ ನರ್ಸ್ ಅದನ್ನು ಬಟ್ಟೆಯಲ್ಲಿ ಸುತ್ತಿ ಅಮ್ಮನ ಕೈಗೆ ಕೊಟ್ಟಳು. ಅಮ್ಮ ನೋಡಿದಳು. "ಮೂಗು ಚೂಪಾಗಿದೆ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಆಸ್ಪತ್ರೆಯಲ್ಲಿ ಕನ್ನಡ ಯಾರಿಗೂ ಬಾರದಿದ್ದರೂ ದನಿ ತಗ್ಗಿಸಿ, "ಬಣ್ಣ ಮಾತ್ರ ನಮ್ಮದೇ ಬಂತು ಕಣೆ" ಎಂದಳು. ಅವಳು ತಂದಿದ್ದ ಕೇಸರಿಯನ್ನೆಲ್ಲ ಹಾಲಿಗೆ ಹಾಕಿ ನನಗೆ ಕುಡಿಸಿ ಮುಗಿಸಿದ್ದಳು. ಕೇಸರಿ ದಂಡವಾಯಿತು ಎಂಬ ಬೇಸರ ಅವಳ ಮುಖದಲ್ಲಿ ಕಾಣುತ್ತಿತ್ತು.

ನಮ್ಮದು ಎಂದರೆ ಅವಳದು ಮತ್ತು ನನ್ನದು. ನಮ್ಮ ಮನೆಯಲ್ಲಿ ಅಪ್ಪ ಬೆಳ್ಳಗೆ, ವೀಣಕ್ಕ ಇನ್ನೂ ಬೆಳ್ಳಗೆ, ಅಮ್ಮ ಮತ್ತು ನಾನು ಕಪ್ಪು. ಅಮ್ಮನನ್ನು ನೋಡಲು ಬಂದ ಗಂಡುಗಳು ಉಪ್ಪಿಟ್ಟು ತಿಂದು ಬಾಯಿ ಒರೆಸಿಕೊಂಡು ಹೋದ ಕಥೆಯನ್ನು ಅವಳೇ ನಗುನಗುತ್ತಾ ಹೇಳುತ್ತಿದ್ದಳು. ಆ ನಗು ಎಷ್ಟು ನಿಜವಾದದ್ದೋ ಗೊತ್ತಿಲ್ಲ. ನಮ್ಮ ಹಳೆಯ ಆಲ್ಬಮ್ಮಿನಲ್ಲಿ ಸ್ಟುಡಿಯೋದಲ್ಲಿ ತೆಗೆಸಿದ ಎರಡು ಫೋಟೋಗಳಿವೆ. ಒಂದರಲ್ಲಿ ಕೂಸು ವೀಣಕ್ಕ, ಕೆನ್ನೆಯ ಮೇಲೆ ಹುಣಸೆ ಬೀಜದಷ್ಟು ದೃಷ್ಟಿಬೊಟ್ಟು. ಇನ್ನೊಂದರಲ್ಲಿ ಕೂಸು ನಾನು, ಅದೇ ಫ್ರಾಕು, ಅದೇ ಮರದ ಕುದುರೆ, ಕೆನ್ನೆ ಖಾಲಿ. ಚಿಕ್ಕವಳಿದ್ದಾಗ ಒಮ್ಮೆ, ನನಗೆ ಯಾಕೆ ಬೊಟ್ಟಿಲ್ಲ ಎಂದು ಕೇಳಿದ್ದೆ. ಅಮ್ಮ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ, "ನಿನಗೆ ಯಾರ ದೃಷ್ಟೀನೂ ತಾಗಲ್ಲ ಬಿಡು, ನೀನು ಸೇಫು" ಎಂದಿದ್ದಳು. ಆ ಮಾತನ್ನು ಅವಳು ಮರೆತಿರಬಹುದು. ನಾನು ಮರೆತಿರಲಿಲ್ಲ.

ಮಗುವಿನ ಕಣ್ಣಿಗೆ ಕಾಡಿಗೆ ಬೇಡವೇ ಬೇಡ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅಮ್ಮ ಅದನ್ನು ಒಪ್ಪಿದಳು, ಆದರೆ ಕಾಡಿಗೆಯಿಲ್ಲದ ಮನೆಯಲ್ಲಿ ಮಗು ಬೆಳೆಯುವುದನ್ನು ಒಪ್ಪಲಿಲ್ಲ. "ಕಣ್ಣಿಗೆ ಬೇಡ, ಸರಿ. ಹುಬ್ಬು ತೀಡ್ತೀನಿ, ಹಣೆಗೆ ಇಡ್ತೀನಿ. ಅದಕ್ಕೇನು ಡಾಕ್ಟರ ಅಪ್ಪಣೆ ಬೇಕಾ?" ಎಂದಳು. ಹೊನಗೊನ್ನೆ ಸೊಪ್ಪಿನ ರಸದಲ್ಲಿ ನೆನೆಸಿ ಒಣಗಿಸಿದ ಬತ್ತಿಗಳೂ ಒಂದು ಕಂಚಿನ ತಟ್ಟೆಯೂ ಮೈಸೂರಿನಿಂದಲೇ ಬಂದಿದ್ದವು. ಬೇಕಾಗಿದ್ದದ್ದು ಹರಳೆಣ್ಣೆ. ಹತ್ತಿರದ ಅಂಗಡಿಯಲ್ಲಿ ಅದನ್ನು ಹೊಟ್ಟೆ ಕಟ್ಟಿದವರಿಗೆಂದು ಪುಟ್ಟ ಪುಟ್ಟ ಸೀಸೆಗಳಲ್ಲಿ ಮಾರುತ್ತಿದ್ದರು. ನಾನು ಅಲ್ಲಿದ್ದ ಸೀಸೆಗಳನ್ನೆಲ್ಲ ಬಾಚಿಕೊಂಡು ಬಂದು ಕೌಂಟರಿನ ಮೇಲೆ ಇಟ್ಟೆ. ಕೊರಳಿಗೆ ಕನ್ನಡಕ ನೇತುಹಾಕಿಕೊಂಡಿದ್ದ ವಯಸ್ಸಾದ ಕ್ಯಾಷಿಯರ್ ಒಂದೊಂದನ್ನೇ ಸ್ಕ್ಯಾನ್ ಮಾಡಿ, "ನೀರು ಜಾಸ್ತಿ ಕುಡಿ, ತಾಯಿ" ಎಂದು ಕರುಣೆಯಿಂದ ಹೇಳಿದಳು.

ಅಡುಗೆಮನೆಯಲ್ಲಿ ದೀಪ ಹಚ್ಚಿದ ಕ್ಷಣಕ್ಕೆ ಹೊಗೆಯ ಅಲಾರ್ಮು ಕಿರುಚಿಕೊಂಡಿತು. ಹಾಗಾಗಿ ಅಮ್ಮ ತನ್ನ ಸಂಸಾರವನ್ನು ಗ್ಯಾರೇಜಿಗೆ ಸಾಗಿಸಿದಳು. ಎರಡು ಟೊಮೇಟೊ ಡಬ್ಬಗಳ ಮೇಲೆ ತಟ್ಟೆ ಬೋರಲು ಹಾಕಿ, ಕೆಳಗೆ ದೀಪ ಇಟ್ಟು, ಗಾಳಿಯಾಡಲೆಂದು ಬಾಗಿಲನ್ನು ಮೊಣಕಾಲೆತ್ತರ ಎತ್ತಿಸಿದಳು. ಹೊಗೆ ಆ ಸಂದಿಯಿಂದ ಹೊರಗೆ ಹರಿದದ್ದು ನಮಗೆ ಗೊತ್ತೇ ಆಗಲಿಲ್ಲ. ಯಾರೋ ಬಾಗಿಲು ಬಡಿದರು. ನಾನು ಗುಂಡಿ ಒತ್ತಿ ಬಾಗಿಲು ಪೂರ್ತಿ ಎತ್ತಿದರೆ ಎದುರುಮನೆಯ ಹೆಂಗಸು ಕೆಂಪು ಸಿಲಿಂಡರ್ ಹಿಡಿದು ನಿಂತಿದ್ದಳು. ಅಷ್ಟು ದಿನವೂ ನಮ್ಮಿಬ್ಬರದು ಕಾರಿನಿಂದ ಕೈಬೀಸುವ ಪರಿಚಯ. ಐವತ್ತು ದಾಟಿದ, ಎತ್ತರದ ಕಪ್ಪು ಹೆಂಗಸು. ಕಾಲೇಜೊಂದರಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಾಳೆ, ಗ್ಯಾರೇಜಿನಲ್ಲಿ ಚಿತ್ರ ಬರೆಯುತ್ತಾಳೆ, ಅದಕ್ಕೇ ಅವಳ ಕಾರು ಸದಾ ಮಳೆಯಲ್ಲಿ ನೆನೆಯುತ್ತದೆ ಎಂದು ರಘು ಎಲ್ಲಿಂದಲೋ ತಿಳಿದುಕೊಂಡು ಬಂದಿದ್ದ.

ಅವಳು ದೀಪ ನೋಡಿದಳು, ಅಮ್ಮನನ್ನು ನೋಡಿದಳು, ಬಗ್ಗಿ ತಟ್ಟೆಯ ಅಡಿಯನ್ನು ನೋಡಿದಳು. ಸಿಲಿಂಡರನ್ನು ನೆಲಕ್ಕಿಟ್ಟಳು. "ಇದು ದೀಪದ ಕಪ್ಪು" ಎಂದಳು, ಇಂಗ್ಲಿಷಿನಲ್ಲಿ. "ನಾನು ಇದನ್ನ ಟ್ಯೂಬಿನಲ್ಲಿ ಕೊಳ್ತೀನಿ. ಮಾಡೋದನ್ನ ಇವತ್ತೇ ನೋಡಿದ್ದು." ತಟ್ಟೆಗೆ ಅಂಟಿದ್ದ ಕಪ್ಪನ್ನು ಬೆರಳ ತುದಿಯಲ್ಲಿ ತೆಗೆದು ಅಂಗೈ ಮೇಲೆ ಉಜ್ಜಿಕೊಂಡು ಬೆಳಕಿಗೆ ಹಿಡಿದಳು. ಅವಳ ಮುಖ ಹಬ್ಬದಂತಾಯಿತು.

"ಏನಂತೆ ಇವಳಿಗೆ?" ಎಂದಳು ಅಮ್ಮ.

"ಕಾಡಿಗೆ ಬೇಕಂತೆ, ಚಿತ್ರ ಬರೆಯೋಕೆ."

"ಕೇಳಿದ್ರೆ ಕೊಡೋಣ. ಅದಕ್ಕೆ ಈ ಬಾಂಬು ಯಾಕೆ ತರಬೇಕಿತ್ತು?"

ಮಾರನೆಯ ದಿನ ಅಮ್ಮ ಒಣ ಕಪ್ಪನ್ನು ಒಂದು ಬೇಬಿ ಫುಡ್ ಬಾಟಲಿಯಲ್ಲಿ ತುಂಬಿ, ಮಗುವನ್ನು ಶಾಲಿನಲ್ಲಿ ಸುತ್ತಿ, ನನ್ನನ್ನೂ ಎಳೆದುಕೊಂಡು ಎದುರುಮನೆಗೆ ಹೊರಟಳು. ಅಂದಿನಿಂದ ಅದೇ ರೂಢಿಯಾಯಿತು. ಲೋರೇನ್‌ಳ ಗ್ಯಾರೇಜಿನಲ್ಲಿ ಒಂದು ಹೀಟರು, ಎರಡು ಹಳೆಯ ಸೋಫಾ, ಅಗಸೆ ಎಣ್ಣೆಯ ವಾಸನೆ ಇದ್ದವು. ಬಾಣಂತಿಗೆ ಗಾಳಿ ತಾಗಬಾರದು ಎಂದು ನನ್ನ ಕಿವಿಗೆ ಹತ್ತಿ ತುರುಕುತ್ತಿದ್ದ ಅಮ್ಮ, ಈ ಒಂದು ಮನೆಗೆ ಮಾತ್ರ ರಿಯಾಯಿತಿ ಕೊಟ್ಟಳು. ಮೈಸೂರಿನಲ್ಲಿ ದಿನಕ್ಕೆ ನಾಲ್ಕು ಮನೆ ಮಾತಾಡಿಸುತ್ತಿದ್ದ ಹೆಂಗಸಿಗೆ ಆ ಬೀದಿಯಲ್ಲಿ ಸಿಕ್ಕ ಒಂದೇ ಮನೆ ಅದು.

ಆಗ ಲೋರೇನ್ ಬರೆಯುತ್ತಿದ್ದದ್ದು ಅವಳ ತಮ್ಮನ ಮಗಳು ನಯೋಮಿಯ ಚಿತ್ರ. ತಮ್ಮ ಹತ್ತಿರದ ಊರಾದ ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಎವರೆಟ್‌ನ ಬಂದರಿನ ಹತ್ತಿರದ ಒಂದು ಹಾಲ್‌ನಲ್ಲಿ ಮಾರ್ಚ್ ಕೊನೆಗೆ ಲೋರೇನ್‌ಳ ಚಿತ್ರಗಳ ಪ್ರದರ್ಶನ ಇತ್ತು, ಅವಳೊಬ್ಬಳದೇ ಎನ್ನುವಂಥ ಮೊದಲನೆಯದು. ಗೋಡೆಯೆತ್ತರದ ಕ್ಯಾನ್ವಾಸಿನಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಹಳದಿ ಫ್ರಾಕು ತೊಟ್ಟು, ಹಿತ್ತಿಲಲ್ಲಿ ಮಡಿಸುವ ಕುರ್ಚಿಯ ಮೇಲೆ ಒಂದು ಕಾಲು ಮಡಚಿ ಕೂತಿದ್ದಳು. ಕೈಯಲ್ಲಿ ಅರ್ಧ ಕಚ್ಚಿದ ಪ್ಲಮ್ ಹಣ್ಣು. ನೇರವಾಗಿ ನೋಡುವವರನ್ನೇ ನೋಡುತ್ತಿದ್ದಳು. ಮೈಬಣ್ಣ ಕಂದಲ್ಲ, ಕಪ್ಪು. ಬಾವಿಯೊಳಗೆ ಬಗ್ಗಿದಾಗ ಮೊದಲು ಕಾಣುವಂಥ ಕಪ್ಪು.

ಅಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಅಲ್ವೆ ಸುಧಾ, ಮೊದಲೇ ಕಪ್ಪು ಹುಡುಗಿ. ಒಂಚೂರು ತಿಳಿ ಮಾಡಿ ಬರೆದ್ರೆ ಇವಳ ಗಂಟೇನು ಹೋಗುತ್ತೆ?"

"ಬಣ್ಣ ಹೇಗೆ ಆರಿಸ್ತೀರಿ ಅಂತ ಕೇಳ್ತಿದಾರೆ" ಎಂದು ನಾನು ಲೋರೇನ್‌ಗೆ ಹೇಳಿದೆ.

ಲೋರೇನ್ ಕುಂಚ ಒರೆಸುತ್ತಾ ನಕ್ಕಳು. "ಇಲ್ಲ, ಅದನ್ನ ಕೇಳಲಿಲ್ಲ. ನಮ್ಮ ಸೋದರತ್ತೆಯರೂ ಇದೇ ದನಿಯಲ್ಲಿ ಮಾತಾಡ್ತಿದ್ರು. ಏನಂದ್ರೋ ಅದನ್ನೇ ಹೇಳು."

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಹೇಳಿದೆ. ಅವಳಿಗೆ ಸಿಟ್ಟು ಬರಲಿಲ್ಲ. ಒಂದು ಸ್ಟೂಲು ಎಳೆದುಕೊಂಡು ಅಮ್ಮನ ಎದುರಿಗೇ ಕೂತು, ನಾನಿಲ್ಲವೇನೋ ಎಂಬಂತೆ ಅಮ್ಮನಿಗೇ ಹೇಳತೊಡಗಿದಳು. ನಾನು ಹಿಂದಿನಿಂದ ಕನ್ನಡ ಮಾಡುತ್ತಾ ಹೋದೆ.

"ನಾನು ಕಲಿಯೋವಾಗ ಮೇಷ್ಟ್ರುಗಳು ಹೇಳ್ತಿದ್ರು, ಕಪ್ಪು ಬಣ್ಣ ಮುಟ್ಟಬೇಡ, ಚಿತ್ರ ಸತ್ತುಹೋಗುತ್ತೆ ಅಂತ. ನಮ್ಮ ಜನಾನ ಬರೀಬೇಕಾದ್ರೆ ಕಂದು ಕಲಸು, ಮೂಗಿನ ಮೇಲೆ ಸ್ವಲ್ಪ ಬಿಳಿ ಇಡು ಅಂತಿದ್ರು. ಎಷ್ಟೋ ವರ್ಷ ಹಾಗೇ ಬರೆದೆ. ಬರೆದವರೆಲ್ಲ ಯಾರದೋ ಕ್ಷಮೆ ಕೇಳ್ತಿರೋ ಹಾಗೆ ಕಾಣ್ತಿದ್ರು. ಮ್ಯೂಸಿಯಮ್ಮಿಗೆ ಹೋದ್ರೆ ನಮ್ಮವರು ಇರೋದು ಚಿತ್ರದ ಮೂಲೆಯಲ್ಲಿ, ತಟ್ಟೆ ಹಿಡ್ಕೊಂಡು. ಇಲ್ಲ ಅಂದ್ರೆ ಸಂಕೋಲೆ ಹಾಕಿಸ್ಕೊಂಡು. ಈಗ ನನ್ನ ಚಿತ್ರದಲ್ಲಿ ಬೇರೆ ಯಾರೂ ಇಲ್ಲ, ತಟ್ಟೇನೂ ಇಲ್ಲ. ಈ ಹುಡುಗಿ ಅಳ್ತಿಲ್ಲ, ಹೋರಾಡ್ತಿಲ್ಲ, ಯಾರಿಗೂ ಏನೂ ರುಜುವಾತು ಮಾಡ್ತಿಲ್ಲ. ಹಣ್ಣು ತಿಂತಿದಾಳೆ. ಕಪ್ಪಗಿದಾಳೆ. ಅಷ್ಟೇ."

ಅಮ್ಮ ಎಲ್ಲ ಕೇಳಿಸಿಕೊಂಡು, "ಹೂಂ. ಆದ್ರೂ" ಎಂದಳು. ಅಮ್ಮನ ಆದರೂ ಎಂದರೆ ಒಪ್ಪಿಲ್ಲ, ಆದರೆ ನಾಳೆಯೂ ಬರುತ್ತೇನೆ ಎಂದರ್ಥ.

ಆ ಚಳಿಗಾಲದಲ್ಲಿ ನಾನು ಕಪ್ಪನ್ನು ನೋಡಲು ಕಲಿತೆ. ಮೂಳೆ ಸುಟ್ಟು ಮಾಡಿದ ಕಪ್ಪು ಬೆಚ್ಚಗಿರುತ್ತದೆ, ಕಬ್ಬಿಣದ ಕಪ್ಪು ಗಟ್ಟಿ, ಅಮ್ಮನ ಹರಳೆಣ್ಣೆ ಕಪ್ಪು ನೀಲಿಯತ್ತ ವಾಲುತ್ತದೆ ಎಂದು ಲೋರೇನ್ ಮೂರನ್ನೂ ಪಕ್ಕಪಕ್ಕದಲ್ಲಿ ಬಳಿದು ತೋರಿಸಿದಳು. ಅಮ್ಮ ಕೊಟ್ಟ ಕಪ್ಪನ್ನು ಗಾಜಿನ ಹಲಗೆಯ ಮೇಲೆ ಹಾಕಿ, ಅಗಸೆ ಎಣ್ಣೆ ಬಿಟ್ಟು, ಗಾಜಿನ ಗುಂಡಿನಿಂದ ಅರೆಯುತ್ತಿದ್ದಳು. ಅದನ್ನು ನೋಡುವುದೆಂದರೆ ಅಮ್ಮನಿಗೆ ಇಷ್ಟ. ರುಬ್ಬುವ ಕೆಲಸ ಯಾವ ದೇಶದ್ದಾದರೂ ಅವಳಿಗೆ ಅರ್ಥವಾಗುತ್ತಿತ್ತು. ಲೋರೇನ್ ಕೆನ್ನೆಯ ಹೊಳಪಿಗೆ ಬಿಳಿ ಹಚ್ಚುತ್ತಿರಲಿಲ್ಲ. ಕಡುನೀಲಿ, ನೇರಳೆ, ಕಂಡೂ ಕಾಣದಷ್ಟು ಹಸಿರು. ಬಂದ ತಕ್ಷಣ ನೋಡಿದರೆ ಮುಖ ಬರೀ ಕತ್ತಲೆ. ಸ್ವಲ್ಪ ಹೊತ್ತು ನಿಂತರೆ ಹುಬ್ಬು ಬರುತ್ತದೆ, ತುಟಿಯ ಅಂಚು ಬರುತ್ತದೆ, ಕೊನೆಗೆ ಒಂದು ಸಣ್ಣ ಕುಹಕದ ನಗು. ಅವಸರದವರಿಗೆ ಏನೂ ಸಿಗದ ಹಾಗೆ ಬರೆದಿದ್ದೇನೆ ಎನ್ನುತ್ತಿದ್ದಳು ಲೋರೇನ್.

ಅವಳ ಬಳಿ ಕಲಾ ಪತ್ರಿಕೆಗಳ ರಾಶಿಯೇ ಇತ್ತು. ಮಗು ಮಲಗಿದಾಗ ನಾನು ತಿರುವುತ್ತಿದ್ದೆ. ಆ ವರ್ಷಗಳಲ್ಲಿ ಆ ದೇಶದ ಎಷ್ಟೋ ಕಲಾವಿದರು ಇದೇ ಕೆಲಸಕ್ಕೆ ಕೈ ಹಾಕಿದ್ದರು. ಒಬ್ಬರು ಬೀದಿಯಲ್ಲಿ ಸಿಕ್ಕ ಕಪ್ಪು ಹುಡುಗರನ್ನು ಹಳೆಯ ರಾಜರ ಭಂಗಿಯಲ್ಲಿ ಕೂರಿಸಿ ಹಿಂದೆಲ್ಲ ಬಳ್ಳಿ ಹೂವು ಬಿಡಿಸಿದ್ದರು. ಇನ್ನೊಬ್ಬರು ಕಪ್ಪು ಕಾಗದ ಕತ್ತರಿಸಿ ಗೋಡೆಗಂಟಿಸಿ ಗುಲಾಮಗಿರಿಯ ಕಥೆ ಹೇಳಿದ್ದರು. ಮತ್ತೊಬ್ಬರು ಹೇರ್‌ಕಟಿಂಗ್ ಸಲೂನು, ಪಿಕ್‌ನಿಕ್ಕು, ಅಡುಗೆಮನೆಯ ಹರಟೆ ಬರೆದಿದ್ದರು. ನಾನು ಆ ಹಾಳೆಗಳನ್ನು ನೋಡುತ್ತಾ ನಮ್ಮ ದೇವರುಗಳನ್ನು ನೆನೆಸಿಕೊಳ್ಳುತ್ತಿದ್ದೆ. ಬಾಯಲ್ಲಿ ಶ್ಯಾಮ, ನೀಲಮೇಘ ಎಂದು ಹಾಡಿ, ಕ್ಯಾಲೆಂಡರಿನಲ್ಲಿ ಮಾತ್ರ ಗುಲಾಬಿ ಕೆನ್ನೆ ಬರೆಸಿದವರು ನಾವು. ಸಿಟ್ಟು ಬರುತ್ತಿತ್ತು. ತೊಡೆಯ ಮೇಲೆ ಮಲಗಿದ್ದ ಇಳಾಳ ಮುಖ ನೋಡಿದರೆ ಆ ಸಿಟ್ಟು ಹೆದರಿಕೆಯಾಗುತ್ತಿತ್ತು. ಈ ಮಗುವೂ ಒಂದು ದಿನ ಫೋಟೋ ನೋಡಿ ಅದೇ ಪ್ರಶ್ನೆ ಕೇಳಿ ಅದೇ ಉತ್ತರ ಪಡೆದರೆ ನಾನೇನು ಮಾಡಲಿ ಎಂದು.

ಏಕೆಂದರೆ ದಿನಾ ಬೆಳಿಗ್ಗೆ ನೀರೆರೆದ ಮೇಲೆ ಅಮ್ಮ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಅಲಂಕಾರ ಮಾಡುತ್ತಿದ್ದಳು. ಹುಬ್ಬು ತೀಡುತ್ತಿದ್ದಳು, ಹಣೆಗೆ ದುಂಡನೆಯ ಬೊಟ್ಟಿಡುತ್ತಿದ್ದಳು. ಆಮೇಲೆ ಡಬ್ಬಿ ಮುಚ್ಚುತ್ತಿದ್ದಳು. ಕೆನ್ನೆ ಖಾಲಿ. ನಾನು ಟವಲು ಮಡಿಸುವ ನೆಪದಲ್ಲಿ ಆ ಡಬ್ಬಿ ಮುಚ್ಚುವುದನ್ನೇ ಕಾಯುತ್ತಿದ್ದೆ. ಒಮ್ಮೆ ನನ್ನ ನೋಟ ನೋಡಿ ಅವಳೇ, "ಇಡೋಣ ಅಂದ್ರೆ ಇವಳ ಮೇಲೆ ಕಾಣೋದೂ ಇಲ್ಲ ಬಿಡು" ಎಂದು ಮಗುವಿನ ಗಲ್ಲ ಹಿಡಿದು ಮುದ್ದಿಸಿದಳು. ಪ್ರೀತಿಯಿಂದಲೇ ಹೇಳಿದಳು, ಅದೇ ಕಷ್ಟ. ನಾನೇ ಬೊಟ್ಟಿಡಬಹುದಿತ್ತು. ಆದರೆ ದೃಷ್ಟಿಬೊಟ್ಟು ಕೇಳಿ ಇಡಿಸಿಕೊಳ್ಳುವಂಥದ್ದಲ್ಲ. ಇಡುವವರಿಗೆ ಮಗು ಚೆಂದ ಕಂಡು, ಆ ಚೆಂದಕ್ಕೆ ಅವರಿಗೇ ಭಯವಾಗಬೇಕು.

ನಯೋಮಿ ವಾರಕ್ಕೊಮ್ಮೆ ಬರುತ್ತಿದ್ದಳು. ಜಡೆಗಳ ತುದಿಗೆ ಬಣ್ಣದ ಮಣಿ ಪೋಣಿಸಿಕೊಂಡು, ತಲೆ ಆಡಿಸಿದರೆ ಸದ್ದಾಗುವ ಹಾಗೆ. ಅಮ್ಮ ಮಾಡಿದ ಕೋಡುಬಳೆಯನ್ನು ಬೆರಳಿಗೆ ಉಂಗುರದಂತೆ ತೊಟ್ಟು ಒಂದೊಂದೇ ಕಡಿದು ತಿನ್ನುತ್ತಿದ್ದಳು. ಅವಳು ಕೂತರೆ ಇಳಾ ಅವಳ ಮಣಿಗಳ ಸದ್ದಿಗೆ ಕೈಕಾಲು ಬಡಿಯುತ್ತಿದ್ದಳು. ಅಮ್ಮ ಕನ್ನಡದಲ್ಲಿ, ನಯೋಮಿ ಇಂಗ್ಲಿಷಿನಲ್ಲಿ, ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಿದ್ದರು, ನನ್ನನ್ನು ಕರೆಯುತ್ತಲೂ ಇರಲಿಲ್ಲ. ಚಿತ್ರ ಮುಗಿಯುತ್ತಾ ಬಂದಾಗ ನಯೋಮಿ ಅದರೆದುರು ನಿಂತು, "ನಾನು ಏನೂ ಮಾಡದೆ ಇರುವಾಗ ಹೀಗಿರ್ತೀನಿ" ಎಂದಳು. ಅಷ್ಟು ಸಮಾಧಾನದಿಂದ ನಾನು ನನ್ನ ಬಗ್ಗೆ ಯಾವತ್ತೂ ಹೇಳಿಕೊಂಡಿರಲಿಲ್ಲ.

ಅಮ್ಮ ಚಿತ್ರದ ಮುಂದೆ ನಿಲ್ಲುವ ಹೊತ್ತು ಹೆಚ್ಚಾಗುತ್ತಿತ್ತು. ಒಂದು ಸಂಜೆ ಹಿಂತಿರುಗುವಾಗ ಮಳೆಯಲ್ಲಿ ಸೀರೆ ಎತ್ತಿ ಹಿಡಿದು, "ಆ ಮಗು ಹೇಗೆ ಕೂತಿದೆ ನೋಡು. ಗಂಡಿನ ಕಡೆಯವರು ಬಂದ್ರೂ ಏಳೋ ಹಾಗೆ ಕಾಣಲ್ಲ" ಎಂದಳು.

ಮಾರ್ಚ್ ಕೊನೆಗೆ ಬೀದಿಯ ಚೆರ್ರಿ ಮರಗಳು ಹೂ ಬಿಟ್ಟವು. ಅಮ್ಮ ಊರಿಗೆ ಹಿಂತಿರುಗುವ ದಿನವೂ ಹತ್ತಿರವಾಯಿತು. ಪ್ರದರ್ಶನ ಶನಿವಾರ. ಶುಕ್ರವಾರ ಮಧ್ಯಾಹ್ನ ಲೋರೇನ್ ಕಾಲ್ ಮಾಡಿದಳು. "ಬಾ. ಅಮ್ಮನನ್ನೂ ಕರ್ಕೊಂಡು ಬಾ" ಎಂದಷ್ಟೇ ಹೇಳಿದಳು. ದನಿಯಲ್ಲಿ ಏನೋ ಇತ್ತು.

ಗ್ಯಾರೇಜಿನ ದೊಡ್ಡ ಬಾಗಿಲು ತೆರೆದಿತ್ತು, ಬಹಳ ದಿನಗಳ ಮೇಲೆ ಬಿಸಿಲು ಬಂದಿತ್ತು. ಚಿತ್ರದ ಹುಡುಗಿಯ ಎಡಗೆನ್ನೆಯ ಮೇಲೆ ಹುಣಸೆ ಬೀಜದಷ್ಟು ದೊಡ್ಡ ಬೊಟ್ಟು. ಸುತ್ತಲ ಎಣ್ಣೆಬಣ್ಣ ಬೆಳಕಿಗೆ ಮಿನುಗುತ್ತಿದ್ದರೆ ಅದೊಂದು ಮಾತ್ರ ಮಖಮಲ್ಲಿನ ಹಾಗೆ ಬೆಳಕನ್ನು ನುಂಗಿಕೊಂಡು ಕೂತಿತ್ತು. ಯಾರ ಕೆಲಸವೆಂದು ಕೇಳಬೇಕಾಗಿರಲಿಲ್ಲ. ಬೆಳಿಗ್ಗೆ ಅಮ್ಮ ಕೋಡುಬಳೆ ಡಬ್ಬಿ ಕೊಟ್ಟು ಬರುತ್ತೇನೆ ಎಂದು ಒಬ್ಬಳೇ ಹೋಗಿದ್ದಳು. ಐದಾರು ತಿಂಗಳ ಕೆಲಸ, ನಾಳೆ ಬೆಳಿಗ್ಗೆ ಚಿತ್ರ ಒಯ್ಯಲು ವ್ಯಾನು ಬರುತ್ತದೆ.

"ಅಮ್ಮ, ಏನು ಮಾಡಿದೀಯ ಗೊತ್ತಾ ನೀನು?"

"ಗೊತ್ತು. ಬೊಟ್ಟಿಟ್ಟೆ" ಎಂದಳು ಅಮ್ಮ. ಬಲಗೈ ಉಂಗುರದ ಬೆರಳು ಇನ್ನೂ ಕಪ್ಪಾಗಿತ್ತು. "ನಾಳೆ ಅಷ್ಟೊಂದು ಜನ ನೋಡ್ತಾರೆ. ಮಗೂನ ಬೊಟ್ಟಿಲ್ಲದೆ ಕಳಿಸ್ತಾರಾ ಯಾರಾದ್ರೂ?"

ಲೋರೇನ್ ಬಟ್ಟೆ ಹಿಡಿದು ನಿಂತಿದ್ದಳು. ಹರಳೆಣ್ಣೆ ಒಣಗುವುದಿಲ್ಲ, ಒರೆಸಿದರೆ ಹೋಗುತ್ತದೆ. ಆದರೆ ಅವಳು ಒರೆಸದೆ, ಏನಂದರು ಎಂದು ಕೇಳಿದಳು. ನಾನು ಒಂದಕ್ಷರ ಬಿಡದೆ ಹೇಳಿದೆ. ಜನ ಮೆಚ್ಚಿ ನೋಡಿದರೆ ಮಗುವಿಗೆ ಆಗುವುದಿಲ್ಲ, ಅದಕ್ಕೆ ಕಾಪಾಗಿ ಒಂದು ಕಪ್ಪು ಬೊಟ್ಟು ಎಂದು.

"ಎಲ್ಲ ಮಕ್ಕಳಿಗೂ ಇಡ್ತೀರಾ?"

"ಇಲ್ಲ" ಎಂದೆ. "ಚೆಂದದ ಮಕ್ಕಳಿಗೆ."

ಅಮ್ಮ ನನ್ನ ಮುಖ ನೋಡಿ, "ಏನಂದೆ ಅವಳಿಗೆ?" ಎಂದಳು. ನಾನು ಕನ್ನಡದಲ್ಲಿ ಅದನ್ನೇ ಮತ್ತೆ ಹೇಳಿದೆ. "ಚೆಂದದ ಮಕ್ಕಳಿಗೆ ಮಾತ್ರ ಇಡ್ತೀವಿ ಅಂದೆ." ಅಮ್ಮ ಕೈಯ ಕಪ್ಪನ್ನು ಸೆರಗಿಗೆ ಒರೆಸಿಕೊಳ್ಳತೊಡಗಿದಳು.

ಲೋರೇನ್ ಬಟ್ಟೆಯನ್ನು ಮೇಜಿನ ಮೇಲಿಟ್ಟಳು. "ನಮ್ಮನ್ನ ನೋಡೋರಿಗೇನು ಕಮ್ಮಿ ಇಲ್ಲ" ಎಂದಳು ನಿಧಾನವಾಗಿ. "ಅಂಗಡಿಗೆ ಹೋದ್ರೆ ಹಿಂದೆಹಿಂದೇನೇ ನೋಡ್ಕೊಂಡು ಬರ್ತಾರೆ. ಜನ ಬೇರೆ ಥರ ನೋಡಲಿ ಅಂತ ಬರೀತಾ ಬಂದೆ. ಆದ್ರೆ ನೋಡೋರಿಂದ ಇವಳನ್ನ ಯಾರಾದ್ರೂ ಕಾಯಬೇಕು ಅನ್ನೋದು ನನಗೆ ಹೊಳೆದೇ ಇರಲಿಲ್ಲ." ಆಮೇಲೆ ಅಮ್ಮನ ಹೆಗಲ ಮೇಲೆ ಕೈಯಿಟ್ಟು, "ಇರಲಿ ಬಿಡಿ" ಎಂದಳು. ಅದನ್ನು ನಾನು ಕನ್ನಡ ಮಾಡುವ ಮೊದಲೇ ಅಮ್ಮ ತಲೆಯಾಡಿಸಿದಳು.

ಶನಿವಾರ ಅಮ್ಮ ರೇಷ್ಮೆ ಸೀರೆ ಉಟ್ಟು, ಅದರ ಮೇಲೆ ರಘುವಿನ ಹಳೆಯ ಕೋಟು, ಕಾಲಿಗೆ ಕ್ಯಾನ್ವಾಸ್ ಶೂ ತೊಟ್ಟು ಎವರೆಟ್‌ಗೆ ಬಂದಳು. ಹಾಲ್ ತುಂಬಿತ್ತು. ಕಾರ್ಖಾನೆಯವರು, ಚರ್ಚಿನವರು, ಕಾಲೇಜಿನ ಹುಡುಗರು. ನಯೋಮಿಯ ಚಿತ್ರದ ಎದುರು ಜನ ಮೊದಲು ಸುಮ್ಮನೆ ದಾಟುತ್ತಿದ್ದರು, ಆಮೇಲೆ ಏನೋ ಕಂಡವರಂತೆ ಹಿಂದಕ್ಕೆ ಬಂದು ನಿಲ್ಲುತ್ತಿದ್ದರು. ಟೈ ಕಟ್ಟಿದ ಒಬ್ಬರು ಹತ್ತಿರ ಬಗ್ಗಿ, ಕೆನ್ನೆಯ ಮೇಲಿನ ಆ ಕಪ್ಪು ಏನೆಂದು ಲೋರೇನ್‌ಳನ್ನು ಕೇಳಿದರು.

"ಅದು ಅಜ್ಜಿ ಇಟ್ಟಿದ್ದು" ಎಂದಳು ಲೋರೇನ್.

"ಯಾರ ಅಜ್ಜಿ?"

ಲೋರೇನ್ ಕೋಟು ತೊಟ್ಟ ಅಮ್ಮನನ್ನು ತೋರಿಸಿದಳು. ಅವರು ಚಿತ್ರವನ್ನೂ ಅಮ್ಮನನ್ನೂ ಬದಲಿಸಿ ಬದಲಿಸಿ ನೋಡಿ, ಏನು ಅರ್ಥ ಮಾಡಿಕೊಂಡರೋ, ಅಮ್ಮನಿಗೆ ತಲೆಬಾಗಿದರು. ಅಮ್ಮ ಕೈಮುಗಿದಳು.

ನಯೋಮಿ ಓಡಿಬಂದು ಬೊಟ್ಟು ನೋಡಿದಳು, ತನ್ನ ಕೆನ್ನೆ ಮುಟ್ಟಿಕೊಂಡಳು. ಅವಳ ಅಪ್ಪ ಅದರ ಅರ್ಥ ಹೇಳಿದ. ಅವಳು ನನ್ನ ಎದೆಗೆ ಕಟ್ಟಿದ ಚೀಲದಲ್ಲಿದ್ದ ಇ‍ಳಾಳ ಮುಖವನ್ನು ಆ ಕೆನ್ನೆ, ಈ ಕೆನ್ನೆ ಎಂದು ಹುಡುಕಿ, ಅಮ್ಮನನ್ನು ಏನೋ ಕೇಳಿದಳು. ಅಮ್ಮ ನನ್ನ ಕಡೆ ತಿರುಗಿದಳು.

"ಇಳಾಳ ಬೊಟ್ಟು ಎಲ್ಲಿ ಅಂತ ಕೇಳ್ತಿದಾಳೆ" ಎಂದೆ.

ಅಮ್ಮ ನಯೋಮಿಯ ತಲೆ ಸವರಿದಳು. ಹಿಂತಿರುಗುವಾಗ ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಮಗುವಿನ ಪಕ್ಕ ಕೂತು, ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಅಮ್ಮ ಸುಮ್ಮನಿದ್ದಾಳೆಂದರೆ ಮೈ ಸರಿಯಿಲ್ಲವೇನೋ ಎಂದು ರಘು ಕನ್ನಡಿಯಲ್ಲಿ ಮತ್ತೆಮತ್ತೆ ನೋಡುತ್ತಿದ್ದ.

ಮಾರನೆಯ ಬೆಳಿಗ್ಗೆ ನೀರೆರೆದಾಯಿತು. ಅಮ್ಮ ಇಳಾಳನ್ನು ಕಾಲ ಮೇಲೆ ಹಾಕಿಕೊಂಡು ಹುಬ್ಬು ತೀಡಿದಳು, ಹಣೆಗೆ ಇಟ್ಟಳು. ನಾನು ಟವಲು ಮಡಿಸುತ್ತಿದ್ದೆ. ಡಬ್ಬಿ ಮುಚ್ಚುವ ಸದ್ದು ಬರಲಿಲ್ಲ. ತಿರುಗಿ ನೋಡಿದರೆ ಅಮ್ಮ ಬೆರಳು ತುಂಬ ಕಾಡಿಗೆ ತೆಗೆದುಕೊಂಡು ಮಗುವಿನ ಕೆನ್ನೆಯ ಮೇಲೆ ಒತ್ತಿ, ಸರಿಯಾಗಿ ದುಂಡಗಾಗಲಿ ಎಂದು ಸುತ್ತಲೂ ತಿದ್ದುತ್ತಿದ್ದಳು. ಕಿಟಕಿಯ ಕಡೆ ಮಗುವನ್ನು ಎತ್ತಿ ಹಿಡಿದು ನೋಡಿದಳು.

"ಕಾಣುತ್ತೆ ಕಣೆ" ಎಂದಳು. ಆಮೇಲೆ ನನ್ನನ್ನು ನೋಡದೆ, "ನೀನೂ ಬಾ ಇಲ್ಲಿ" ಎಂದಳು.

ನನಗೆ ಆಗ ಮೂವತ್ತೆರಡು. ಹೋಗಿ ಅವಳ ಎದುರು ಮಂಡಿಯೂರಿ ಕೂತೆ. ಅವಳು ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ಬೊಟ್ಟಿಟ್ಟಳು. "ನಿನಗೆ ಆವಾಗಲೇ ಇಡಬೇಕಿತ್ತು. ನನ್ನ ಬಣ್ಣ ನಿನಗೂ ಬಂತಲ್ಲ ಅನ್ನೋ ಭಯಾನೇ ನನಗೆ ಸಾಕಾಗಿತ್ತು" ಎಂದಳು. ನಾನು ಅತ್ತೆ. ಅಳು ನಿಂತ ಮೇಲೆ ಡಬ್ಬಿ ಕಿತ್ತುಕೊಂಡು ಅವಳ ಕೆನ್ನೆಗೂ ಒಂದು ಇಟ್ಟೆ. "ಥೂ, ಮುದುಕಿಗೆ ಯಾಕೆ" ಎಂದಳು, ಒರೆಸಿಕೊಳ್ಳಲಿಲ್ಲ.

ಲೋರೇನ್ ಹೊಸ ಚಿತ್ರ ಶುರುಮಾಡುವವಳಿದ್ದಳು, ಈ ಸಲ ಅವಳ ಸೋದರತ್ತೆಯರದು. ಅಮ್ಮ ಹೊರಡುವ ಮೊದಲು ಅವಳಿಗೆ ಕಪ್ಪು ಮಾಡಿಕೊಟ್ಟು ಹೋಗಬೇಕು ಎಂದಳು. ಹಾಗೇ ಅಮ್ಮ, ಇಳಾ, ನಾನು ಮೂವರೂ ಅಂಗಡಿಗೆ ಹೋದೆವು, ಬಿಸಿಲಿತ್ತು. ಹರಳೆಣ್ಣೆಯ ಸೀಸೆಗಳನ್ನು ಕೌಂಟರಿನ ಮೇಲೆ ಇಟ್ಟಾಗ ಅದೇ ಕ್ಯಾಷಿಯರ್ ಕನ್ನಡಕ ಏರಿಸಿಕೊಂಡು ನನ್ನನ್ನು ನೋಡಿದಳು, ಅಮ್ಮನನ್ನು ನೋಡಿದಳು, ಬುಟ್ಟಿಯಲ್ಲಿದ್ದ ಇಳಾಳನ್ನು ನೋಡಿದಳು. ಹೇಳುವುದೋ ಬೇಡವೋ ಎಂದು ಸ್ವಲ್ಪ ತಡೆದು, ತನ್ನ ಕೆನ್ನೆ ಮುಟ್ಟಿ ತೋರಿಸಿ ಮೆಲ್ಲಗೆ ಹೇಳಿದಳು, "ನಿಮ್ಮ ಮುಖದ ಮೇಲೆ ಏನೋ ಹತ್ತಿದೆ. ಮೂವರಿಗೂ."

"ಗೊತ್ತು" ಎಂದೆ.